ಏಣಿಗೆ ಮೂರು ಬಡಿತ

ಠಣ್, ಠಣ್, ಠಣ್.

ಮೀನು ಕೊಯ್ಯುವ ಚಾಕುವಿನ ಹಿಡಿಯಿಂದ ಬೋಟಿನ ಉಕ್ಕಿನ ಏಣಿಗೆ ಮೂರು ಸಲ ಬಡಿದು ಬಕೆಟ್ ಅಕ್ಕ ಕಾದಳು. ಆ ಸದ್ದು ನೀರಿನ ಮೇಲೆ ಹತ್ತು ಮಾರು ಹೋಗುವುದರೊಳಗೆ ಗಾಳಿಗೆ ಸಿಕ್ಕಿ ಸಾಯುತ್ತದೆ. ನೀರಿನೊಳಗೆ ಎಲ್ಲಿಯವರೆಗೆ ಹೋಗುತ್ತದೋ ಅವಳಿಗೆ ತಿಳಿಯದು. ಹನ್ನೊಂದು ವರ್ಷ ಇದೇ ಬೋಟಿನಲ್ಲಿ ದುಡಿದರೂ ಅವಳಿಗೆ ಈಜು ಬರುವುದಿಲ್ಲ. ಸಮುದ್ರವೆಂದರೆ ಅವಳ ಪಾಲಿಗೆ ಮೇಲಿನ ಮುಚ್ಚಳ ಮಾತ್ರ. ಪಾತ್ರೆಯೊಳಗೆ ಏನಿದೆಯೆಂದು ಇಣುಕಿ ನೋಡಿದವಳಲ್ಲ.

ಇಣುಕುವುದು ಬೋಟು ಹತ್ತಿ ಬರುವವರ ಕೆಲಸ. ದಿನಕ್ಕೆ ಎರಡು ಸಲ, ಸಲಕ್ಕೆ ಇಪ್ಪತ್ತೆಂಟು ಜನ, ಕಣ್ಣಿಗೆ ಗಾಜಿನ ಮುಖವಾಡ ಹಾಕಿ, ಬಾಯಿಗೆ ಉಸಿರಿನ ಕೊಳವೆ ಕಚ್ಚಿ, ಕರಿಬಂಡೆಯ ಸುತ್ತ ಕವುಚಿಕೊಂಡು ತೇಲುತ್ತಾರೆ. ಮೀನು ನೋಡುತ್ತಾರೆ, ಹವಳ ತುಳಿಯುತ್ತಾರೆ, ಆಮೆಯ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ಬಿಟ್ಟುಹೋಗುವುದನ್ನು ಬಳಿಯುವುದು ಇವಳ ಕೆಲಸ. ಅದಕ್ಕೆ ಮೂರು ಬಕೆಟ್ಟು. ನೀಲಿಯದು ಕೊಳವೆ ತೊಳೆಯಲು, ಕೆಂಪಿನದು ವಾಂತಿಗೆ. ಬಿಳಿಯದರಲ್ಲಿ ಮೀನಿನ ಕರುಳು, ಕಿವಿರು, ತಲೆ. “ಬಣ್ಣ ಮರೆತ್ರೆ ಮುಗೀತು ಕಥೆ,” ಎಂದು ಬೋಟು ನಡೆಸುವ ಅವಳ ಮೈದುನ ದಿನಾ ಹೇಳಿ ಜನರನ್ನು ನಗಿಸುತ್ತಾನೆ. ನಗುವವರಿಗೆ ಆ ಬಕೆಟ್ಟುಗಳಿಗೆ ಕೈ ಹಾಕುವುದಿರುವುದಿಲ್ಲ.

ಜನರ ಮುಖ ಅವಳಿಗೆ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. ಕೊಳವೆಯ ರಬ್ಬರು ತುದಿಯಲ್ಲಿ ಹಲ್ಲಿನ ಗುರುತು, ತುಟಿಯ ಬಣ್ಣ, ಬೆಳಿಗ್ಗೆ ತಿಂದ ಬ್ರೆಡ್ಡಿನ ಚೂರು. ಸೋಪಿನ ನೀರಿನಲ್ಲಿ ಅದರೊಳಗೆ ಹೆಬ್ಬೆರಳು ಹಾಕಿ ತಿರುವಿದರೆ ಜೊಲ್ಲು ನೂಲಿನಂತೆ ಬೆರಳಿಗೆ ಸುತ್ತಿಕೊಂಡು ಬರುತ್ತದೆ. ಗಾಜು ಮಂಜಾಗದಂತೆ ಮುಖವಾಡದೊಳಗೆ ಉಗುಳಿ ಉಜ್ಜಬೇಕೆಂದು ಈ ಜನಕ್ಕೆ ಯಾರು ಕಲಿಸಿದರೋ; ಉಗುಳುತ್ತಾರೆ, ಉಜ್ಜುತ್ತಾರೆ, ಸರಿಹೋಗಲಿಲ್ಲವೆಂದು ಅವಳ ಕೈಗೇ ವಾಪಸು ಕೊಡುತ್ತಾರೆ. ಮೈಗೆ ಬಳಿದುಕೊಂಡ ಕ್ರೀಮು ಬಿಟ್ಟು ಬಿಟ್ಟು, ಬಂಡೆಯ ಸುತ್ತ ನೀರಿನ ಮೇಲೆ ಜಿಡ್ಡು ಪಾತ್ರೆ ತೊಳೆದ ಹಾಗೆ ಒಂದು ಪೊರೆ ಕಟ್ಟಿರುತ್ತದೆ. ಆ ಪೊರೆಯನ್ನು ಸೀಳಿಕೊಂಡು ಈಗ ಒಂದು ತಲೆ ಮೇಲೆದ್ದಿತು.

“ಬಂದ್ರು ನೋಡಿ ಅತ್ತಿಗೆ, ನಿಮ್ಮತ್ತೆ,” ಎಂದ ಮೈದುನ, ಚುಕ್ಕಾಣಿಯ ಹತ್ತಿರ ಕೂತಲ್ಲಿಂದಲೇ.

“ನಿಮ್ಮಮ್ಮ ಅನ್ನೋದು,” ಎಂದಳು ಅವಳು. ಇದು ಅವರ ದಿನದ ಮಾತು.

ಸುಕ್ಕುಗಟ್ಟಿದ ಕತ್ತು, ಜೋತುಬಿದ್ದ ರೆಪ್ಪೆ, ಯಾರನ್ನೂ ನಂಬೆನೆಂಬ ಬಿಗಿದ ಬಾಯಿ; ಆಮೆಗೆ ಅತ್ತೆಯೆಂದು ಹೆಸರಿಟ್ಟವಳು ಅವಳೇ. ಇವತ್ತು ಅದು ಯಾಕೋ ಒಂದು ಪಕ್ಕಕ್ಕೆ ವಾಲಿಕೊಂಡು ಬಂತು. ಕರುಳಿನ ತುಂಡೊಂದನ್ನು ಎಸೆಯಲು ಬಗ್ಗಿದವಳು ಹಾಗೆಯೇ ನಿಂತಳು.

ಚಿಪ್ಪಿನ ಬಲಭಾಗದಲ್ಲಿ ಮೂರು ಸೀಳು. ಒಂದರ ಪಕ್ಕ ಒಂದು, ಗರಗಸ ಎಳೆದ ಹಾಗೆ. ಒಳಗೆ ಬಿಳಿಯ ಮೂಳೆ, ಅದರ ಕೆಳಗೆ ಗುಲಾಬಿ ಬಣ್ಣದ ಮಾಂಸ. ಬೆರಳುದ್ದದ ಮೀನುಗಳು ಆ ಸಂದಿಯೊಳಗೆ ಮೂತಿ ತೂರಿಸಿ ಕಿತ್ತು ಕಿತ್ತು ತಿನ್ನುತ್ತಿದ್ದವು.

“ಮೀನುಗಳು ಕ್ಲೀನ್ ಮಾಡ್ತಿವೆ ನೋಡೇ, ಸ್ಪಾ ಥರ!” ಎಂದು ನೀರಿನಲ್ಲಿದ್ದ ಒಬ್ಬಳು ಗೆಳತಿಗೆ ಕೂಗಿದಳು.

ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡಿದ್ದ ಒಬ್ಬ ಕೊಳವೆಯನ್ನು ಬಾಯಿಂದ ಉಗಿದು, ಚಿಪ್ಪಿನ ಅಂಚು ಹಿಡಿದುಕೊಂಡ. “ಅಕ್ಕಾ, ಸ್ವಲ್ಪ ಆ ಕಡೆ ತಿರುಗಿಸಿ ಇದನ್ನ. ಗಾಯದ ಸೈಡು ಬರ್ತಾ ಇದೆ ಫೋಟೊದಲ್ಲಿ.”

ಅವಳು ಕೈಯಲ್ಲಿದ್ದ ತುಂಡನ್ನು ದೂರಕ್ಕೆಸೆದಳು. ಅತ್ತೆ ಆ ಕಡೆ ತಿರುಗಿ, ಕುಂಟುತ್ತಾ ಹೋಯಿತು.

ಮೂರು ಬಡಿತದ ಅಭ್ಯಾಸ ಅವಳು ಮನೆಯಿಂದ ತಂದದ್ದು. ಗಂಡ ಹೋದ ಮೇಲೆ ನಿಜವಾದ ಅತ್ತೆ ಒಂಬತ್ತು ವರ್ಷ ಅವಳ ಕೈಯಲ್ಲೇ ಇದ್ದಳು. ಕೊನೆಯ ನಾಲ್ಕು ವರ್ಷ ಮುದುಕಿಗೆ ಎಲ್ಲವೂ ಮರೆತುಹೋಗಿತ್ತು. ಮಗನ ಮುಖ, ಸೊಸೆಯ ಮುಖ, ತನ್ನ ಹೆಸರು. ಊಟಕ್ಕೆ ಕರೆದರೆ ಯಾರನ್ನೋ ಕರೆಯುತ್ತಿದ್ದಾರೆಂದು ಕಿಟಕಿಯ ಕಡೆ ನೋಡುವಳು. ಒಂದು ದಿನ ಸೊಸೆ ಬೇಸತ್ತು ತಟ್ಟೆಗೆ ಚಮಚದಿಂದ ಮೂರು ಸಲ ಬಡಿದಾಗ, ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಳು. ಎಲ್ಲ ಹೋದರೂ ಆ ಸದ್ದೊಂದು ಒಳಗೆ ಉಳಿದುಕೊಂಡಿತ್ತು. ಅಂದಿನಿಂದ ಹೊತ್ತಿಗೆ ಸರಿಯಾಗಿ ಠಣ್, ಠಣ್, ಠಣ್.

ಮುದುಕಿ ಹೋಗುವ ಕೆಲವು ತಿಂಗಳು ಮುಂಚೆ ಮೈದುನನ ಗೆಳೆಯರು ಮನೆಗೆ ಬಂದಿದ್ದರು. ಅವರಲ್ಲೊಬ್ಬ ತಮಾಷೆಗೆಂದು ಖಾಲಿ ತಟ್ಟೆಗೆ ಬಡಿದ. ಮುದುಕಿ ಕಾಲೆಳೆದುಕೊಂಡು ಬಂದು ಕೂತಳು. ಕೈ ಚಾಚಿ ತಟ್ಟೆಯಲ್ಲಿ ತಡಕಿದಳು. ಏನೂ ಸಿಗಲಿಲ್ಲ. ಗೆಳೆಯರು ಬಿದ್ದು ಬಿದ್ದು ನಕ್ಕರು. ಮೈದುನನೂ ನಕ್ಕ. ಇನ್ನೊಂದು ಸಲ ಬಡಿದರು. ಎದ್ದು ಹೊರಟಿದ್ದವಳು ಮತ್ತೆ ಬಂದು ಕೂತಳು. ಒಳಗಿನಿಂದ ಬಂದ ಬಕೆಟ್ ಅಕ್ಕ ಆ ತಟ್ಟೆಯನ್ನು ಕಿತ್ತು ಅಂಗಳಕ್ಕೆಸೆದಳು. ಅವತ್ತು ಅವಳಿಗೆ ಹುಟ್ಟಿದ ಅಸಹ್ಯ ಎಷ್ಟು ತೊಳೆದರೂ ಹೋಗದ ವಾಸನೆಯಂತೆ ಕೈಯಲ್ಲಿ ಉಳಿದಿತ್ತು.

ಅದಾದ ಮೇಲೂ ಇದೇ ಕೈ ಬೋಟಿನಲ್ಲಿ ಏನು ಮಾಡಿತು? ಬಂದ ಹೊಸದರಲ್ಲಿ, ಮೀನು ಕೊಯ್ದ ಚಾಕುವಿಗೆ ಅಂಟಿದ್ದನ್ನು ಉದುರಿಸಲು ಏಣಿಗೆ ಮೂರು ಸಲ ಬಡಿದಿತ್ತು, ಮನೆಯ ರೂಢಿಯಂತೆ. ಉದುರಿದ್ದನ್ನು ತಿನ್ನಲು ಆಮೆ ಬಂತು. ಮಾರನೆಯ ದಿನ ಬಡಿದಳು, ಬಂತು. ಮುದುಕಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಕರೆದರೆ ಬರುವ ಒಂದು ಜೀವ ಸಿಕ್ಕಿತೆಂದು ಅವಳಿಗೆ ಹಿಗ್ಗೋ ಹಿಗ್ಗು. ಬೋಟಿನ ಧಣಿಯ ಕಣ್ಣಿಗೆ ಅದು ಬಿದ್ದದ್ದೇ ತಡ, ಜೆಟ್ಟಿಯ ಮೇಲೆ ಆಳೆತ್ತರದ ಹಲಗೆ ಎದ್ದಿತು: ಆಮೆ ದರ್ಶನ ಗ್ಯಾರಂಟಿ. ಅಂದಿನಿಂದ ಅವನಿಗೂ ಗ್ಯಾರಂಟಿ ಧಣಿ ಎಂದೇ ಹೆಸರಾಯಿತು.

ಮೂರು ವಾರದ ಹಿಂದೆ ಧಣಿ ಎರಡನೇ ಬೋಟು ಇಳಿಸಿದ್ದ. ಅದರ ಚಾಲಕನಿಗೆ ಬಡಿತದ ಗುಟ್ಟು ಹೇಳಿಕೊಟ್ಟವಳೂ ಇವಳೇ. ಆದರೆ ಮೈದುನ ಎಂಜಿನು ಆರಿಸಿ, ನೀರು ಸುಮ್ಮನಾದ ಮೇಲೆಯೇ ಇವಳು ಬಡಿಯುವುದು. ಆ ಚಾಲಕನೋ, ಅವಸರದ ಆಸಾಮಿ. ಬಂಡೆ ಕಂಡ ಕೂಡಲೇ, ಬೋಟಿನಡಿಯ ಪಂಖದ ಅಲಗು ತಿರುಗುತ್ತಿರುವಾಗಲೇ ಬಡಿಯುತ್ತಾನೆ. ಮೂರು ಸೀಳು ಎಲ್ಲಿಂದ ಬಂದವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೊದಲ ತಂಡವನ್ನು ಇಳಿಸಿದ ಕೂಡಲೇ ಅವಳು ಜೆಟ್ಟಿಯ ಟಿಕೆಟ್ ಕೋಣೆಗೆ ಹೋದಳು. ಗ್ಯಾರಂಟಿ ಧಣಿ ಫ್ಯಾನಿನ ಕೆಳಗೆ ಕೂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

“ಅತ್ತೆಗೆ ಏಟಾಗಿದೆ. ಸ್ವಲ್ಪ ದಿನ ಕರೆಯೋದು ಬೇಡ,” ಎಂದಳು.

“ನೋಡಿದೆ, ನೋಡಿದೆ. ಚಿಪ್ಪು ಅಂದ್ರೆ ಉಗುರಿದ್ದ ಹಾಗೆ ಅಕ್ಕಾ. ಬೆಳೆಯುತ್ತೆ, ಗ್ಯಾರಂಟಿ.”

“ಉಗುರಲ್ಲ. ಒಳಗೆ ಮಾಂಸ ಕಾಣ್ತಾ ಇದೆ.”

“ಜನಕ್ಕೂ ಅಯ್ಯೋ ಪಾಪ ಅನ್ಸುತ್ತೆ ಬಿಡು. ಪಾಪ ಅನ್ಸಿದ್ರೆ ಇನ್ನೂ ಒಳ್ಳೇದೇ.” ಅವನು ಕಡ್ಡಿಯ ತುದಿಗೆ ಬಂದದ್ದನ್ನು ನೋಡಿ, ಮತ್ತೆ ಬಾಯಿಗಿಟ್ಟುಕೊಂಡ. “ಅಲ್ಲೇ ಒಂದು ಮರಿ ಆಮೆ ಸುತ್ತುತ್ತಾ ಇದೆಯಂತಲ್ಲ. ಅದನ್ನೂ ಅಭ್ಯಾಸ ಮಾಡ್ಸು. ಈ ಮುದುಕಿ ಎಷ್ಟು ದಿನ ಅಂತ ಇರುತ್ತೆ?”

ಅವಳು ಹೊರಗೆ ಬಂದು ನಲ್ಲಿಯಡಿ ಮೊಣಕೈವರೆಗೆ ಕೈ ತೊಳೆದಳು. ಮತ್ತೆ ತೊಳೆದಳು. ಕೆಲಸ ಬಿಟ್ಟು ಮನೆಗೆ ಹೋಗಬಹುದು. ಹೋದರೆ ಏಣಿ ಉಳಿಯುತ್ತದೆ, ಚಾಕುವಿನ ಬದಲು ಇನ್ನೊಂದು ಕಬ್ಬಿಣ ಬರುತ್ತದೆ. ಬಡಿದವರು ಯಾರೆಂದು ಆಮೆ ನೋಡುವುದಿಲ್ಲ, ಬಡಿದರೆ ಬರುತ್ತದೆ. ಬರಬೇಡ ಎಂದು ಅದಕ್ಕೆ ಹೇಳುವುದಾದರೂ ಹೇಗೆ? ಅವರಿಬ್ಬರ ನಡುವೆ ಇರುವುದು ಒಂದೇ ಮಾತು. ಆ ಮಾತನ್ನೇ ಕೆಡಿಸಬೇಕು.

ಮಧ್ಯಾಹ್ನದ ತಂಡದ ಜೊತೆ ಹತ್ತುವಾಗ ಅವಳು ಬಿಳಿ ಬಕೆಟ್ಟನ್ನು ಜೆಟ್ಟಿಯಲ್ಲೇ ಬಿಟ್ಟಳು.

“ಅತ್ತಿಗೆ, ಕರುಳು?” ಎಂದ ಮೈದುನ.

“ಬೇಡ. ಆ ಗಳ ಈ ಕಡೆ ಕೊಡು.”

ಬೋಟನ್ನು ಬಂಡೆಗೆ ತಾಗದಂತೆ ತಳ್ಳುವ, ತುದಿಗೆ ರಬ್ಬರು ಹಾಕಿದ ಉದ್ದನೆಯ ಗಳ ಅದು. ಅವನು ಅದನ್ನು ಎತ್ತಿಕೊಡುತ್ತಾ ಅವಳ ಮುಖ ನೋಡಿದ. “ಏನು ಮಾಡ್ತೀರಿ?”

“ಖಾಲಿ ತಟ್ಟೆ ನೆನಪಿದೆಯಾ ನಿಂಗೆ?”

ಅವನು ಕಣ್ಣು ತಪ್ಪಿಸಿ ಚುಕ್ಕಾಣಿಗೆ ಹೋದ. ಕರಿಬಂಡೆಯ ಹತ್ತಿರ ಬಂದಾಗ ಎಂಜಿನು ಆರಿಸಿ, ಬೀಗದ ಕೈಯನ್ನೂ ತೆಗೆದು ಜೇಬಿಗೆ ಹಾಕಿಕೊಂಡ. “ಯಾರೂ ಇನ್ನೂ ನೀರಿಗೆ ಇಳೀಬೇಡಿ,” ಎಂದು ಜನರನ್ನು ತಡೆದ. ಇಪ್ಪತ್ತೆಂಟು ಜನ ಫೋನು ಎತ್ತಿ ಹಿಡಿದು ಕಟಾಂಜನಕ್ಕೆ ಒತ್ತಿಕೊಂಡರು. ಬೆವರು, ಕ್ರೀಮು, ಕಿತ್ತಳೆಯ ಸಿಪ್ಪೆ, ಯಾರದೋ ಹುಳಿತೇಗು.

ಠಣ್, ಠಣ್, ಠಣ್.

ಅತ್ತೆ ಬಂತು. ವಾಲಿಕೊಂಡು, ಬಾಯಿ ಅರ್ಧ ತೆರೆದು, ಏಣಿಯ ಬುಡಕ್ಕೇ ಬಂತು. ಅವಳು ಗಳವನ್ನೆತ್ತಿ ಅದರ ಮೂತಿಗೆ ಹೊಡೆದಳು.

ಜನ ಕಿರುಚಿದರು. ಆಮೆ ನೀರು ಚಿಮ್ಮಿಸಿಕೊಂಡು ಮುಳುಗಿತು.

“ಏಯ್, ಏನ್ರೀ ಮಾಡ್ತಿದೀರ!”

ಅವಳು ಮನಸ್ಸಿನಲ್ಲೇ ನೂರು ಎಣಿಸಿ, ಮತ್ತೆ ಬಡಿದಳು. ಬರಬೇಡ, ಬರಬೇಡ ಎನ್ನುತ್ತಲೇ ಬಡಿದಳು. ಅದು ಬಂತು. ಈ ಸಲ ನಿಧಾನವಾಗಿ, ಮೊದಲಿನದು ಏನೋ ತಪ್ಪಾಗಿರಬೇಕು ಎಂದುಕೊಂಡ ಹಾಗೆ ಬಂತು. ಅಷ್ಟು ವರ್ಷ ಉಣಿಸಿದ ಕೈಯ ಕೆಳಗೆ ಕತ್ತು ಚಾಚಿ ನಿಂತಿತು. ಅವಳು ಕಣ್ಣು ಮುಚ್ಚಲಿಲ್ಲ, ಮುಚ್ಚಿದರೆ ಏಟು ಗಾಯದ ಮೇಲೆ ಬೀಳಬಹುದು. ಗುರಿಯಿಟ್ಟು, ಮೊದಲಿಗಿಂತ ಜೋರಾಗಿ, ಮೂತಿಗೇ ಹೊಡೆದಳು. ರಬ್ಬರಿನ ತುದಿಯಾದರೂ ಆ ಸದ್ದು ಅವಳ ಹಲ್ಲಿನವರೆಗೆ ಬಂತು.

“ಮನುಷ್ಯಳಾ ನೀನು? ಛೀ!”

“ಅಸಹ್ಯ ಹೆಂಗಸು. ವಿಡಿಯೊ ಮಾಡ್ಕೊಳ್ರೋ, ಎಲ್ಲರಿಗೂ ಕಳಿಸೋಣ.”

ಆ ಮಾತಿಗೆ ಅವಳ ತಕರಾರಿರಲಿಲ್ಲ. ಮೂರನೆಯ ಸಲ ಬಡಿದಳು. ದೂರದಲ್ಲಿ, ಬಂಡೆಯ ನೆರಳಿನಲ್ಲಿ ತಲೆಯೊಂದು ಎದ್ದಿತು. ಏಣಿಯ ಕಡೆ ನೋಡಿತು. ಉಸಿರೆಳೆದುಕೊಂಡು ಮುಳುಗಿತು. ನಾಲ್ಕನೆಯ ಸಲ ಬಡಿದಳು. ನೀರಿನ ಮೇಲಿನ ಪೊರೆ ಅಲುಗಾಡಲಿಲ್ಲ.

ಆಗ ಅವಳು ಗಳವನ್ನು ಮೈದುನನಿಗೆ ಕೊಟ್ಟು, ಕೆಂಪು ಬಕೆಟ್ಟಿನ ಮುಂದೆ ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅದನ್ನೂ ಯಾರೋ ವಿಡಿಯೊ ಮಾಡಿಕೊಂಡರು.

ಬೋಟು ಜೆಟ್ಟಿ ಮುಟ್ಟುವುದರೊಳಗೆ ಆ ವಿಡಿಯೊ ಧಣಿಯನ್ನು ಮುಟ್ಟಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬೋಟಿನವರೊಡನೆ ಮಾತಾಡುವ ವಾಕಿಟಾಕಿ ಹಿಡಿದು ನಿಂತಿದ್ದ. ಜನ ಅವಳನ್ನು ಬೈಯುತ್ತಾ ಇಳಿದುಹೋದರು. ಅವಳು ನೀಲಿ ಬಕೆಟ್ಟಿಗೆ ಇಪ್ಪತ್ತೆಂಟು ಕೊಳವೆಗಳನ್ನು ಹಾಕಿ, ಎತ್ತಿ ತಂದು ಅವನ ಮುಂದಿಟ್ಟಳು.

“ತಲೆ ಕೆಟ್ಟಿದ್ಯಾ ನಿಂಗೆ? ಹನ್ನೊಂದು ವರ್ಷ ಸಾಕಿದ್ದಕ್ಕೆ ಇದಾ ನೀನು ಮಾಡೋದು?” ಎಂದು ಧಣಿ ಗುಡುಗಿದ. “ಮೂಕ ಪ್ರಾಣಿಗೆ ಹೊಡೆಯೋಕೆ ಕೈ ಹೇಗೆ ಬಂತು? ಕರುಣೆ ಅನ್ನೋದೇ ಇಲ್ವಾ?”

ಅವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ನಗು ಬರಬೇಕಿತ್ತು. ಬಾಯಲ್ಲಿ ಇನ್ನೂ ವಾಂತಿಯ ಹುಳಿಯಿತ್ತು.

ವಾಕಿಟಾಕಿ ಗೊರಗುಟ್ಟಿತು. ಎರಡನೇ ಬೋಟಿನ ಚಾಲಕ. “ಸಾರ್, ಅತ್ತೆ ಬರ್ತಾ ಇಲ್ಲ. ಐದು ಸಲ ಬಡಿದೆ. ಜನ ಗಲಾಟೆ ಮಾಡ್ತಿದಾರೆ.”

“ಇನ್ನೊಂದು ಸಲ ಬಡಿ!”

ಇಬ್ಬರೂ ಕಾದರು. ಧಣಿ ಅದನ್ನು ಕಿವಿಗೊತ್ತಿ ಹಿಡಿದಿದ್ದ. ಅವಳು ಅವನ ಅಂಗಿಯ ಗುಂಡಿಯನ್ನು ನೋಡುತ್ತಾ ನಿಂತಿದ್ದಳು, ಉಸಿರು ಕಟ್ಟಿಕೊಂಡು.

“ಇಲ್ಲ ಸಾರ್. ಬಂಡೆಯಾಚೆ ಒಂದು ಸಲ ತಲೆ ಎತ್ತಿ ನೋಡ್ತು. ಈ ಕಡೆ ಬರ್ಲಿಲ್ಲ. ಹೊರಗಡೆ, ಆಳದ ಕಡೆ ಹೋಯ್ತು.”

ಅವಳು ಉಸಿರು ಬಿಟ್ಟಳು. ಧಣಿಯ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು.

“ಹೋಗ್ಲಿ ಬಿಡು ಅಕ್ಕಾ, ಆಗಿದ್ದು ಆಯ್ತು. ಅದು ನಿನ್ನ ಕೈ ಗುರುತು ಹಿಡಿಯುತ್ತೆ. ನಾನು ವಿಡಿಯೊ ಗಿಡಿಯೊ ಎಲ್ಲ ನೋಡ್ಕೋತೀನಿ. ನೀನು ಈಗ್ಲೇ ಹೋಗಿ, ಒಳ್ಳೆ ಮೀನಿನ ತುಂಡು ತಗೊಂಡು ಹೋಗಿ, ಮೂರೇ ಮೂರು ಸಲ ಬಡಿ...”

ಅವಳು ಬಗ್ಗಿ, ಬಕೆಟ್ಟಿನಲ್ಲಿ ಕೊಳವೆಗಳ ಮೇಲಿಟ್ಟಿದ್ದ ಚಾಕುವನ್ನೆತ್ತಿಕೊಂಡಳು. ಅದು ಮನೆಯದು. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

“...ಇಲ್ಲಾಂದ್ರೆ ಆ ಮರಿಯನ್ನಾದ್ರೂ ನೀನೇ ಕೂತು ಕಲಿಸ್ಬೇಕು. ಇವರ ಕೈಲಿ ಆಗಲ್ಲ, ನಿನ್ನ ಕೈಗುಣ ಬೇರೆ. ಕೊಳವೆ ತೊಳೆಯೋದಕ್ಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳೋಣ, ನೀನು ಬರೀ ಆಮೆ ನೋಡ್ಕೊಂಡ್ರೆ... ಅಕ್ಕಾ, ನಿನ್ನ ಹತ್ರಾನೇ ಮಾತಾಡ್ತಾ ಇರೋದು...”

ನೀಲಿ ಬಕೆಟ್ಟು ಅವನ ಕಾಲ ಹತ್ತಿರ ಹಾಗೆಯೇ ಇತ್ತು. ಅವಳು ಅದನ್ನು ದಾಟಿ, ಜೆಟ್ಟಿಯ ಹಲಗೆಗಳ ಮೇಲೆ ಒದ್ದೆ ಹೆಜ್ಜೆಯಿಡುತ್ತಾ ನಲ್ಲಿಯ ಕಡೆ ನಡೆದಳು. ಕೈ ವಾಸನೆ ಹೊಡೆಯುತ್ತಿತ್ತು. ಹಿಂದಿನಿಂದ ಅವನು ಇನ್ನೂ ಏನೋ ಹೇಳುತ್ತಲೇ ಇದ್ದ.