ಚಿಕ್ಕಪ್ಪನ ಮೆಮೊರಿ ಕಾರ್ಡು

ಮೆಮೊರಿ ಕಾರ್ಡನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿಸಿ ಜೋಪಾನ ಮಾಡುತ್ತಿದ್ದ ದಿನಗಳವು. ಕಲ್ಲುಗುಂಡಿಯ ರಸ್ತೆಬದಿಯಲ್ಲಿ ನಮ್ಮದೊಂದು ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಯ ಅರ್ಧ ಅಪ್ಪನದು, ಉಳಿದರ್ಧ ಚಿಕ್ಕಪ್ಪನದು. ಚಿಕ್ಕಪ್ಪನ ಅರ್ಧದಲ್ಲಿ ಅವನು ಪುತ್ತೂರಿನ ಗುಜರಿಯಿಂದ ತಂದು ರಿಪೇರಿ ಮಾಡುವ ಹಳೆಯ ಲ್ಯಾಪ್‌ಟಾಪ್‌ಗಳಿದ್ದವು. ಒಂದೊಂದೂ ಅರೆಯುವ ಕಲ್ಲಿನಷ್ಟು ಭಾರ ಎಂದು ಅಜ್ಜಿ ಗೊಣಗುತ್ತಿದ್ದರು. ರಬ್ಬರ್ ಸುಡುವ ವಾಸನೆಯೂ ಸೀಸ ಕರಗುವ ವಾಸನೆಯೂ ಬೆರೆತ ಆ ಜಾಗದಲ್ಲೇ ನಾನು ಬೆಳೆದದ್ದು.

ಆ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಇಸ್ಪೀಟೆಲೆಯಗಲದ ಒಂದು ಬಾಯಿ ಇರುತ್ತಿತ್ತು. ಉಗುರಿನಷ್ಟು ಕಾರ್ಡನ್ನು ಒಂದು ದೊಡ್ಡ ಕಾರ್ಡಿನೊಳಗೆ, ಅದನ್ನು ಇನ್ನೂ ದೊಡ್ಡ ಅಡಾಪ್ಟರಿನೊಳಗೆ ತೂರಿಸಿ ಆ ಬಾಯಿಗೆ ಕೊಡಬೇಕು. ಒಂದೇ ಸಲಕ್ಕೆ ಒಪ್ಪಿದ್ದೇ ಇಲ್ಲ. ಕಾರ್ಡಿನ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಮತ್ತೆ ತುರುಕುವುದು ನನಗೆ ಆಟ. ಪರದೆಯ ಮೇಲೆ ಇಂಗ್ಲಿಷಿನ ಪೆಟ್ಟಿಗೆಯೊಂದು ಬಂದು ನಿಂತರೆ ಮಾತ್ರ ಕನ್ನಡ ಶಾಲೆಯ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಹೆದರುದು ಎಂತಕ್ಕೆ ಮಾರಾಯ್ತಿ? ಎಂಟರ್ ಒತ್ತು, ಹೋಗ್ತದೆ," ಎನ್ನುತ್ತಿದ್ದ ಚಿಕ್ಕಪ್ಪ.

ಅವನ ಮೆಚ್ಚಿನ ಲ್ಯಾಪ್‌ಟಾಪಿಗೆ ಮರೆವಿನ ರೋಗವಿತ್ತು. ಒಳಗಿನ ಸಣ್ಣ ಬ್ಯಾಟರಿ ಸತ್ತುಹೋಗಿ, ಆನ್ ಮಾಡಿದಾಗಲೆಲ್ಲ ನಾನು ಹುಟ್ಟುವ ಮೊದಲಿನ ಅದೇ ಒಂದು ಜನವರಿಯನ್ನು ತೋರಿಸುತ್ತಿತ್ತು. "ಇದರ ಪ್ರಕಾರ ನೀನು ಇನ್ನೂ ಬರಲೇ ಇಲ್ಲ," ಎಂದು ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದ ಆ ಬೇಸಗೆಯಲ್ಲಿ, ಸಂಪಾಜೆಯ ತಿರುವಿನಲ್ಲಿ ಬೈಕು ಜಾರಿ ಚಿಕ್ಕಪ್ಪ ತೀರಿಕೊಂಡ. ಫೋನು ಪುಡಿಯಾಗಿತ್ತು. ಒಳಗಿದ್ದ ಕಾರ್ಡು ಮಾತ್ರ ಒಂದು ಗೀರೂ ಇಲ್ಲದೆ ಮನೆಗೆ ಬಂತು. ಅಜ್ಜಿ ಬೀಡಿ ಕಟ್ಟುವಾಗ ಎದುರಿಗೆ ಕೂತು ಹರಟಿದ್ದನ್ನು ಅವನು ಫೋನಿನಲ್ಲಿ ರೆಕಾರ್ಡ್ ಮಾಡಿ ಆ ಕಾರ್ಡಿನಲ್ಲೇ ಇಟ್ಟಿದ್ದ. ಅವನ ಧ್ವನಿ ಬೇರೆಲ್ಲೂ ಇರಲಿಲ್ಲ.

ಮಳೆಗಾಲ, ನಮ್ಮಲ್ಲಿ ಸತ್ತವರನ್ನು ನೆನೆಯುವ ಆಟಿ ತಿಂಗಳು ಬಂತು. ಸತ್ತವರಿಗೆ ಬಡಿಸುವ ಹಿಂದಿನ ದಿನ ಅಜ್ಜಿ ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟರು. "ಇದರಲ್ಲಿ ಅವನು ಉಂಟು ಮಗಾ. ಒಮ್ಮೆ ಮಾತಾಡಿಸು."

ಹೊಸ ಫೋನು ತನ್ನ ರೀತಿಯಲ್ಲಿ ತುಂಬಿಸಿಟ್ಟ ಕಾರ್ಡನ್ನು ಆ ಮುದಿ ಯಂತ್ರ ಓದಲಾರದು ಎಂಬುದು ನನಗೆ ಗೊತ್ತಿರಲಿಲ್ಲ. ಉಜ್ಜಿದೆ, ಊದಿದೆ, ತುರುಕಿದೆ. ಪೆಟ್ಟಿಗೆ ಬಂತು. ಎಂಟರ್ ಒತ್ತಿದೆ. ಇನ್ನೊಂದು ಬಂತು, ಮತ್ತೊಂದು ಬಂತು, ಎಲ್ಲದಕ್ಕೂ ಒತ್ತಿದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿಬಿಡಲೇ ಎಂದು ಅವು ಕೇಳುತ್ತಿದ್ದವು. ಹಸಿರು ಪಟ್ಟಿ ಓಡಿ ಮುಗಿದ ಮೇಲೆ ಕಾರ್ಡು ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ.

"ಸಿಕ್ಕಿದನಾ?" ಅಜ್ಜಿ ಬಾಗಿಲಿನಿಂದ ಕೇಳಿದರು.

"ನಾಳೆ ಸಿಗ್ತಾನೆ ಅಜ್ಜಿ," ಎಂದುಬಿಟ್ಟೆ.

ಎಲೆಗೆ ಬಡಿಸಿ, ಬಾಗಿಲೆಳೆದು, ಸತ್ತವರು ಉಣ್ಣುವಷ್ಟು ಹೊತ್ತು ಹೊರಗೆ ಸುಮ್ಮನೆ ಕಾಯುವುದು ನಮ್ಮ ಕ್ರಮ. ಅವರಿಗೆ ಇಷ್ಟವಾದದ್ದೆಲ್ಲ ಎಲೆಯ ಬಳಿ ಇರಬೇಕು. ರೊಟ್ಟಿ, ಕೋಳಿಸಾರು, ಪತ್ರೊಡೆ ಬಡಿಸಿಯಾದ ಮೇಲೆ ಅಜ್ಜಿ, "ಅವನ ಮಷೀನೂ ಇರಲಿ. ಆ ಕಾರ್ಡು ಹಾಕಿಯೇ ಇಡು," ಎಂದರು. ಅಪ್ಪ ಅಂಗಡಿಯಿಂದ ವೈರು ಎಳೆದು ಕೊಟ್ಟರು. ಬಾಗಿಲು ಮುಚ್ಚುವ ಮೊದಲು ನಾನು ಪರದೆ ನೋಡಿದೆ. ಅದೇ ಹಳೆಯ ಜನವರಿ. ಅದರ ಪ್ರಕಾರ ಚಿಕ್ಕಪ್ಪ ಇನ್ನೂ ಸತ್ತಿರಲಿಲ್ಲ.

ನಡು ಮಧ್ಯಾಹ್ನ. ಮಡಿಕೇರಿ ಕಡೆಯಿಂದ ಇಳಿಯುವ ಲಾರಿಗಳೂ ಯಾಕೋ ಆಗ ಬರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅದು ನಿಧಾನವಾಗುತ್ತ ಬಂತು. ಆಮೇಲೆ ಸ್ಪೀಕರಿನಿಂದ ಸಣ್ಣಗೆ ಕರಕರ ಸದ್ದು, ಯಾರೋ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ.

ಅಜ್ಜಿ ನನ್ನ ಮೊಣಕೈ ಹಿಡಿದರು. "'ಅಮ್ಮ, ಚಾ ಉಂಟಾ' ಅಂತ ಕೇಳಿದ. ನಿಂಗೂ ಕೇಳಿತಲ್ಲ?"

"ಕೇಳಿತು," ಎಂದೆ. ಸುಳ್ಳು ಹೇಳಿದೆನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಉಣ್ಣುತ್ತಿರುವವರಿಗೆ ತಿಳಿಯಲೆಂದು ಅಪ್ಪ ಮೂರು ಸಲ ಕೆಮ್ಮಿ ಬಾಗಿಲು ತೆರೆದರು. ಕರೆಂಟು ಯಾವಾಗ ಹೋಗಿತ್ತೋ, ಚಾರ್ಜು ನಿಲ್ಲದ ಆ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿತ್ತು. ಅಜ್ಜಿ ಒಳಗೆ ಹೋಗಿ ಚಾ ಕಾಸಿ ತಂದು ಎಲೆಯ ಪಕ್ಕದಲ್ಲಿಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ಅವನ ಮಾತು ಇನ್ನೊಮ್ಮೆ ಕೇಳಬೇಕೆಂದು ಅಜ್ಜಿ ಹಟ ಹಿಡಿದರು. ಕಾರ್ಡನ್ನು ಸುಳ್ಯದ ಮೊಬೈಲ್ ಅಂಗಡಿಗೆ ಒಯ್ಯುತ್ತೇನೆಂದರು ಅಪ್ಪ. ಖಾಲಿ ಕಾರ್ಡು ಕಂಡರೆ ನನ್ನ ಕತೆ ಮುಗಿಯಿತು ಎಂದುಕೊಂಡು, ಯಾರೂ ಇಲ್ಲದ ಹೊತ್ತು ನೋಡಿ, ಲ್ಯಾಪ್‌ಟಾಪಿನಲ್ಲಿದ್ದ ಯಕ್ಷಗಾನದ ಹಾಡಿನ ಪದಗಳನ್ನೆಲ್ಲ ಅದಕ್ಕೆ ತುಂಬಿಸಿದೆ. ಇನ್ನು ಜಾಗವಿಲ್ಲ ಎಂದು ಅದು ಹೇಳುವವರೆಗೂ ತುಂಬಿಸಿದೆ.

ಸುಳ್ಯದಿಂದ ಬಂದ ಅಪ್ಪ, "ಇದರಲ್ಲಿ ಪದ ಮಾತ್ರ ಇರುದಂತೆ ಅಮ್ಮ. ಮಾತು ಇಲ್ಲ," ಎಂದರು.

ಅಜ್ಜಿ ಕತ್ತರಿಸಿದ ಬೀಡಿ ಎಲೆಯನ್ನು ಮೊರಕ್ಕೆ ಹಾಕಿದರು. "ಹಾಗಾದ್ರೆ ಅವತ್ತು ಉಂಡು ಹೋದ. ಹೋಗ್ಲಿ ಬಿಡು," ಎಂದರು. ಮತ್ತೆ ಆ ಕಾರ್ಡನ್ನು ಕೇಳಲಿಲ್ಲ.

ಈಗ ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಕೈತಪ್ಪಿ ಅಳಿಸಿದ ಮದುವೆಯ ಫೋಟೋಗಳನ್ನು ಎಷ್ಟೋ ಮನೆಯವರಿಗೆ ವಾಪಸು ತೆಗೆದುಕೊಟ್ಟಿದ್ದೇನೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತೆ: ಹಾಗೆ ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಹೆಸರುಗಳ ಪಟ್ಟಿ ಮಾತ್ರ. ಒಳಗಿನದು, ಅದರ ಮೇಲೆ ಬೇರೆ ಏನನ್ನೂ ತುಂಬದಿದ್ದರೆ, ಇದ್ದಲ್ಲೇ ಇರುತ್ತದೆ. ಅದನ್ನು ಕೇಳಿದ ದಿನ ತಲೆನೋವೆಂದು ಹೇಳಿ ಬೇಗ ಮನೆಗೆ ಬಂದು ಅತ್ತೆ. ಅಜ್ಜಿ ಆಗಲೇ ತೀರಿಕೊಂಡಿದ್ದರು. ಆ ಹರಟೆಯಲ್ಲಿ ಅವರ ಧ್ವನಿಯೂ ಇತ್ತು.

ಆ ಮಧ್ಯಾಹ್ನ ಮುಚ್ಚಿದ ಬಾಗಿಲ ಹಿಂದೆ ಚಿಕ್ಕಪ್ಪ ಇದ್ದ. ಪೂರ್ತಿಯಾಗಿ, ಒಂದು ಮಾತೂ ಕಡಿಮೆಯಾಗದೆ ಇದ್ದ. ಅವನು ಉಂಡು ಹೋದನೆಂದು ಅಜ್ಜಿ ನಂಬಿ ಸಮಾಧಾನ ಮಾಡಿಕೊಂಡರು. ಅವನು ಹೋಗಿರಲಿಲ್ಲ. ನಾಲ್ಕು ದಿನ ಬಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ, ಕಳಿಸಿದವಳು ನಾನು.