ವರ್ನಾ ಬೇಡವೆಂದ ಸೇತುವೆ

ನಮ್ಮೂರಿನ ಖಜಾನೆಗೆ ಬೀಗ ಬೇಕಾಗಿಲ್ಲ, ವರ್ನಾ ಟಾಟ್ರೋ ಇದ್ದಾಳೆ. ಅಮೆರಿಕದ ವರ್ಮಾಂಟ್‌ನ ಈ ಬೆಟ್ಟದೂರಿನಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಎಲ್ಲರೂ ಸಭಾಭವನದಲ್ಲಿ ಸೇರಿ ವರ್ಷದ ಖರ್ಚನ್ನು ನಾವೇ ತೀರ್ಮಾನಿಸುತ್ತೇವೆ. ಒಂದೊಂದು ಬಾಬ್ತು ಓದಿದಾಗಲೂ ವರ್ನಾ ಎದ್ದು ನಿಲ್ಲುತ್ತಾಳೆ.

"ಅಧ್ಯಕ್ಷರೇ, ಇದಿಲ್ದೆ ಇದ್ರೆ ಯಾರ್ ಸಾಯ್ತಾರೆ?"

ಈ ಒಂದು ಪ್ರಶ್ನೆಗೆ ನನ್ನ ಅಂಗಡಿ ಮುಂದೆ ಬರಬೇಕಾಗಿದ್ದ ಬೀದಿದೀಪ ಬಲಿಯಾಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಹಾಗಂತ ಅವಳು ಜುಗ್ಗಿಯಲ್ಲ. ನಾನು ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡಾಗ ದಿನಾ ಬಂದು ಅಂಗಡಿಯ ಒಲೆಗೆ ಸೌದೆ ಒಟ್ಟಿ ಹೋದವಳು ಅವಳೇ. ತನ್ನದಾದರೆ ಕೈ ಧಾರಾಳ, ಊರಿನದಾದರೆ ಮುಷ್ಟಿ ಬಿಗಿ.

ಸಭೆಯ ಮಧ್ಯಾಹ್ನದೂಟಕ್ಕೆ ಅವಳದೇ ಬೀನ್ಸ್ ಕಾಳು. ಮೇಪಲ್ ಮರದ ರಸ ಕಾಯಿಸಿದ ಸಿಹಿ ಪಾಕ, ಉಪ್ಪು ಹಚ್ಚಿದ ಹಂದಿಮಾಂಸ ಹಾಕಿ ರಾತ್ರಿಯಿಡೀ ಬೇಯಿಸಿದ್ದು. ಪಾತ್ರೆ ಭವನದ ಹಿಂದಿನ ಒಲೆಯ ಮೇಲಿರುತ್ತದೆ. ತನಗಾಗದ ಖರ್ಚಿನ ಚರ್ಚೆ ಊಟದ ಹೊತ್ತಿಗೆ ಬಂದರೆ ಮೆಲ್ಲಗೆ ಹೋಗಿ ಮುಚ್ಚಳ ತೆಗೆಯುತ್ತಾಳೆ. ಘಮ ಮೂಗಿಗೆ ಬಡಿದದ್ದೇ ತಡ, ಯಾರೋ ಒಬ್ಬ "ಮಾತು ಸಾಕು, ಮತಕ್ಕೆ ಹಾಕಿ" ಅನ್ನುತ್ತಾನೆ, ಬೇಕೆನ್ನುವವರ ಮಾತು ಮುಗಿಯುವ ಮೊದಲೇ ಖರ್ಚು ಬಿದ್ದುಹೋಗುತ್ತದೆ. ನನ್ನ ದೀಪ ಆರಿದ್ದೂ ಹೀಗೇ.

ಈ ಸಲ ಬಂದದ್ದು ಹೊಳೆಯ ಮರದ ಸೇತುವೆ. ಹೋದ ಬೇಸಿಗೆಯ ಮಳೆಗೆ ಬಂದ ಪ್ರವಾಹಕ್ಕೆ ಅದರ ಕಂಬಗಳು ಸಡಿಲವಾಗಿದ್ದವು. ರಿಪೇರಿ ಮಾಡಬೇಕು, ಇಲ್ಲವೇ ಆ ರಸ್ತೆಯನ್ನೇ ಊರು ಕೈಬಿಡಬೇಕು. ಸೇತುವೆಯಾಚೆ ಇರುವುದು ಒಂದೇ ಮನೆ: ವರ್ನಾ ಮತ್ತು ಅವಳ ಗಂಡ ಆರ್ಮಂಡ್‌ನದು, ಜೊತೆಗೆ ಅವರ ಮೇಪಲ್ ತೋಪು. ರಸ್ತೆ ಹೋದರೆ ಅವರು ಮನೆ ಬಿಡಬೇಕು. ಈ ಸಲವಾದರೂ ಸುಮ್ಮನಿರುತ್ತಾಳೆಂದುಕೊಂಡೆವು. ಎಲ್ಲಿ ಬಂತು!

"ಒಂದ್ ಮನೆಗೋಸ್ಕರ ಊರೆಲ್ಲ ತೆರಿಗೆ ಕಟ್ಬೇಕಾ? ನಿಮ್ದಕ್ಕೆಲ್ಲ ಬೇಡ ಅಂದೋಳು ನನ್ದಕ್ಕೆ ಹೂಂ ಅನ್ಲಾ? ಬೇಡ."

ಅಧ್ಯಕ್ಷ ಕಿಟ್ರೆಜ್ ಕನ್ನಡಕ ತೆಗೆದ. "ಮತ್ತೆ ಎಲ್ಲಿರ್ತೀರಾ ವರ್ನಾ?"

"ಅದು ಇವತ್ತಿನ ಕಾರ್ಯಸೂಚೀಲಿಲ್ಲ, ಅಧ್ಯಕ್ಷರೇ."

ಒಬ್ಬೊಬ್ಬರಾಗಿ ಎದ್ದು ಸೇತುವೆಯ ಪರ ಮಾತಾಡತೊಡಗಿದರು. ಮಾತು ಸೇತುವೆ ಬಿಟ್ಟು ಅವಳ ಗುಣಗಾನಕ್ಕೆ ತಿರುಗಿತು. ಹೊಗಳಿಕೆ ಅವಳಿಗೆ ಆಗಿಬರುವುದಿಲ್ಲ. ಎದ್ದು ನೇರ ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆದಳು. ಎಷ್ಟು ವರ್ಷದಿಂದ ಕಾದಿದ್ದೆನೋ, ನಾನು ಎದ್ದು ನಿಂತೆ.

"ಅಧ್ಯಕ್ಷರೇ, ಮಾತು ಸಾಕು. ಮತಕ್ಕೆ ಹಾಕಿ."

ಜಟಿಲ ವಿಷಯಕ್ಕೆ ನಮ್ಮಲ್ಲಿ ಕೈಯೆತ್ತುವ ಬದಲು ಎದ್ದು ಹೋಗಿ ಒಂದು ಬದಿಗೆ ನಿಲ್ಲುವ ಪದ್ಧತಿ. ಸೇತುವೆ ಬೇಕೆನ್ನುವವರು ಕಿಟಕಿಯ ಕಡೆ, ಬೇಡವೆನ್ನುವವರು ಒಲೆಯ ಕಡೆ ಎಂದ ಕಿಟ್ರೆಜ್. ಹಸಿದ ಊರು ಒಟ್ಟಿಗೆ ಎದ್ದು ಕಿಟಕಿಯತ್ತ ನಡೆಯಿತು. ಒಲೆಯ ಹತ್ತಿರ ವರ್ನಾ ಒಬ್ಬಳೇ ಮುಚ್ಚಳ ಹಿಡಿದು ನಿಂತಿದ್ದಳು. ನಡುವೆ ಉಳಿದವನು ಆರ್ಮಂಡ್ ಒಬ್ಬ. ಮದುವೆಯಾದಾಗಿನಿಂದ ಹೆಂಡತಿ ಕೈಯೆತ್ತಿದರೆ ಎತ್ತಿ, ಇಳಿಸಿದರೆ ಇಳಿಸಿದ ಮನುಷ್ಯ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, ಅವಳ ಮುಖ ನೋಡದೆ, ನಿಧಾನವಾಗಿ ಕಿಟಕಿಯ ಕಡೆ ಬಂದು ನನ್ನ ಪಕ್ಕ ನಿಂತ.

ಊಟಕ್ಕೆ ಅವಳೇ ಬಡಿಸಿದಳು. ನನಗೆ ಅರ್ಧ ಸೌಟು.

"ನಿಂಗಿಷ್ಟೇ. ಊರಿಗೆ ಈ ವರ್ಷ ಖರ್ಚು ಜಾಸ್ತಿ."

ಕೊನೆಯಲ್ಲಿ ಆರ್ಮಂಡ್ ತಟ್ಟೆ ಹಿಡಿದು ಬಂದ. ಅವಳು ಸೌಟು ಎತ್ತಲಿಲ್ಲ.

"ನೀನೂ ಆ ಕಡೆ ಹೋದ್ಯಲ್ಲ."

"ಮನೆಗೆ ಹೋಗ್ಬೇಕಲ್ಲ ವರ್ನಾ," ಎಂದ ಆರ್ಮಂಡ್.

ಅವಳು ಸೌಟು ಎತ್ತಿದಳು. ತಟ್ಟೆ ತುಂಬಿ ರಸ ಅಂಚಿಗೆ ಬಂದರೂ ಬಡಿಸುತ್ತಲೇ ಇದ್ದಳು.