ಅಮ್ಮ ತೊಳೆದ ಚಿನ್ನದ ನಾಣ್ಯ

ಪರದೇಶದ ಟಾಲಾ ಎಂಬ ಊರಿನ ನಮ್ಮ ಪುಟ್ಟ ಮನೆಯಲ್ಲಿ ಚಳಿಗೆ ಕಿಟಕಿ ತೆರೆಯದೆ, ಒಗ್ಗರಣೆಯ ವಾಸನೆ ನನ್ನ ಸ್ಕೂಲ್ ಕೋಟಿಗೂ ಅಂಟಿಕೊಳ್ಳುತ್ತಿದ್ದ ಕಾಲವದು. ನನಗೆ ಒಂಬತ್ತೋ ಹತ್ತೋ. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಅಪ್ಪನಿಗೆ ಹಳೆಯ ನಾಣ್ಯಗಳ ಹುಚ್ಚು. ಡ್ಯೂಟಿ ಇಲ್ಲದ ಭಾನುವಾರ ಊಟದ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಪಕ್ಕದಲ್ಲಿ ಚಕ್ಕುಲಿ ಕಡಿಯುತ್ತ ನಾನು.

"ಎಣ್ಣೆ ಕೈಯಲ್ಲಿ ಮುಟ್ಬೇಡ ಪುಟ್ಟಿ. ಅಂಚು ಮಾತ್ರ ಹಿಡ್ಕೋ."

ಅವುಗಳಲ್ಲಿ ಚಿನ್ನದ್ದು ಒಂದೇ. ನೂರು ವರ್ಷದ ಹಿಂದಿನ ಅಮೆರಿಕದ ಇಪ್ಪತ್ತು ಡಾಲರ್ ನಾಣ್ಯ, ವರ್ಷಗಟ್ಟಲೆ ಹುಡುಕಿ ತಂದದ್ದು. ಒಂದು ಬದಿಯಲ್ಲಿ ಕೂದಲು ಗಾಳಿಗೆ ಬಿಟ್ಟು, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಆಲಿವ್ ರೆಂಬೆ ಹಿಡಿದು ನಮ್ಮೆದುರಿಗೇ ನಡೆದು ಬರುವ ಹೆಂಗಸು. ಮಗುಚಿದರೆ ಮೂಡುವ ಸೂರ್ಯನ ಮೇಲೆ ಹಾರುವ ಹದ್ದು. ಅಪ್ಪ ಅದನ್ನು ದೀಪದಡಿ ಮೆಲ್ಲಗೆ ವಾಲಿಸಿದರೆ ಬೆಳಕಿನ ಎಳೆಯೊಂದು ಅವಳ ಸುತ್ತ ಚಕ್ರದಂತೆ ತಿರುಗುತ್ತಿತ್ತು.

"ಟಂಕಸಾಲೆಯಿಂದ ಬಂದಾಗಿನ ಹೊಳಪು ಇದು. ಸಂಗ್ರಹ ಮಾಡೋರು ಬೆಲೆ ಕೊಡೋದು ಇದಕ್ಕೆ, ಬರೀ ಚಿನ್ನಕ್ಕಲ್ಲ," ಅನ್ನುತ್ತಿದ್ದರು.

ಆ ವರ್ಷ ದೀಪಾವಳಿಯ ದಿನ ಅಪ್ಪ ಡ್ಯೂಟಿಯಿಂದ ಬರುವಷ್ಟರಲ್ಲಿ ಅಮ್ಮ ಲಕ್ಷ್ಮೀಪೂಜೆಗೆ ಅಣಿಮಾಡಿದ್ದಳು. ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ದೀಪಗಳನ್ನು ತಿಕ್ಕಿದ ಕೈಯಲ್ಲೇ, ಅಪ್ಪನ ಡಬ್ಬಿಯಿಂದ ಆ ನಾಣ್ಯ ತೆಗೆದು ಅದನ್ನೂ ತಿಕ್ಕಿ, ಕುಂಕುಮ ಹಚ್ಚಿ ಕಳಶದ ಮುಂದಿಟ್ಟಿದ್ದಳು.

"ನೋಡಿ, ಹೆಂಗೆ ಫಳಫಳ ಅಂತೈತೆ! ಎಷ್ಟು ಮಂಕಾಗಿತ್ತು ಗೊತ್ತಾ?"

ಶೂ ಬಿಚ್ಚುತ್ತಿದ್ದ ಅಪ್ಪನ ಕೈ ನಿಂತಿತು. ಆಮೇಲೆ ಇನ್ನೊಂದು ಶೂ ಬಿಚ್ಚಿಟ್ಟು ಬಂದು, "ಚೆನ್ನಾಗಿದೆ ಕಣೇ, ಲಕ್ಷ್ಮಿ ಥರಾನೇ ಇದಾಳೆ," ಅಂದರು. ಮಂಗಳಾರತಿಗೆ ಗಂಟೆಯನ್ನೂ ಬಾರಿಸಿದರು.

ಊಟವಾದ ಮೇಲೆ ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. ಅವಳ ಮೈತುಂಬ ಸಣ್ಣ ಸಣ್ಣ ಗೀರು. ಎಷ್ಟು ವಾಲಿಸಿದರೂ ಬೆಳಕು ತಿರುಗಲಿಲ್ಲ. ಹಾಳಾಯಿತಾ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅಪ್ಪ ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು.

"ಅಮ್ಮಂಗೆ ಹೇಳ್ಬೇಡ. ಎಷ್ಟು ಆಸೆಯಿಂದ ಮಾಡಿದಾಳೆ. ಇಟ್ಸ್ ಗ್ರ್ಯಾಂಡ್." ಪರವಾಗಿಲ್ಲ ಎನ್ನಲು ಇಲ್ಲಿನವರು ಹೇಳುವ ಮಾತದು. ಹಾಗಂದವರ ಕಣ್ಣು ತುಂಬಿತ್ತು.

ಮುಂದಿನ ಫೆಬ್ರವರಿಯ ಒಂದು ಬೆಳಿಗ್ಗೆ, ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ ಅಪ್ಪ ಅಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಮನೆ ಖಾಲಿ ಮಾಡುವಾಗ ಅಮ್ಮ ಆ ನಾಣ್ಯ ಕೈಗೆತ್ತಿಕೊಂಡು, "ಅವರು ಅಷ್ಟು ಇಷ್ಟಪಟ್ಟಿದ್ದು, ತಿಳಿದವರಿಗೆ ಒಮ್ಮೆ ತೋರ್ಸೋಣ," ಅಂದಳು. ಸಿಟಿಯ ನಾಣ್ಯದಂಗಡಿಯ ಮುದುಕ ಬಹಳ ಹೊತ್ತು ನೋಡಿದ. ಯಾರೋ ತಿಕ್ಕಿಬಿಟ್ಟಿದ್ದಾರೆ, ಈಗ ಚಿನ್ನದ ತೂಕಕ್ಕಷ್ಟೇ ಬೆಲೆ ಎಂದು ಮೆಲ್ಲಗೆ ಹೇಳಿದ.

ವಾಪಸ್ ಬರುವಾಗ ಲುವಾಸ್ ಟ್ರ್ಯಾಮಿನಲ್ಲಿ ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ಕೇಳಿದಳು:

"ಅವರಿಗೆ ಅವತ್ತೇ ಗೊತ್ತಾಗಿತ್ತಾ?"

"ಹೂಂ ಅಮ್ಮ."

"ಒಂದು ಮಾತು ಬೈದಿದ್ರೆ ನಾನು ತಪ್ಪಾಯ್ತು ಅನ್ನೋಕಾದ್ರೂ ಆಗ್ತಿತ್ತಲ್ಲೇ..."

ನಾನು ಅವಳ ಕೈ ಹಿಡಿದುಕೊಂಡೆ. ಅವಳ ಆ 'ತಪ್ಪಾಯ್ತು' ಕೇಳಿ, ನಕ್ಕು, "ಹೋಗ್ಲಿ ಬಿಡು" ಅನ್ನಬೇಕಾದವರು ಹೋಗಿ ಎಷ್ಟೋ ವರ್ಷವಾಗಿತ್ತು.